ಓಂ ಪುರಿ ಕೈಯ ಕೊಡಲಿ

ಕತೆ, ಕಾದಂಬರಿ, ಕಾವ್ಯದ ಬಗ್ಗೆ ದಲಿತ ವಿಮರ್ಶೆ ಸಾಕಷ್ಟು ಜಗಳವಾಡಿದೆ. ಯಾರು ಬರೆದರು, ಯಾರಿಗಾಗಿ ಬರೆದರು, ಅನುಭವ ಯಾರದ್ದು ಅಂತ ಕೇಳಿದೆ. ನಟನ ಮೈಯನ್ನು ಮಾತ್ರ ಅದು ಅಷ್ಟಾಗಿ ಓದಿಲ್ಲ. ಆದರೆ ಅಕ್ಷರ ಬಾರದ ನಮ್ಮ ಜನರನ್ನೂ ತಲುಪಿದ ದಲಿತ ಪಾತ್ರ ಪುಸ್ತಕದ್ದಲ್ಲ, ತೆರೆಯದ್ದು. ಹಿಂದಿ ತೆರೆಯ ಮೇಲೆ 1980ರಿಂದ ಹತ್ತು ಹನ್ನೆರಡು ವರ್ಷ, ಆದಿವಾಸಿ, ಚಮ್ಮಾರ, ಗೇಣಿದಾರ ಬೇಕಾದಾಗ ಹೆಚ್ಚಾಗಿ ಬಂದದ್ದು ಒಂದೇ ಮುಖ. ಅದು ಓಂ ಪುರಿಯವರದು.

ಅವರು ಹುಟ್ಟಿದ್ದು ಅಂಬಾಲಾದಲ್ಲಿ, 1950ರಲ್ಲಿ. ದಿನಾಂಕ ಮನೆಯವರಿಗೆ ನೆನಪಿರಲಿಲ್ಲ. ತಾಯಿ ಹೇಳಿದ ದಸರೆಯ ಲೆಕ್ಕ ಹಿಡಿದು ಅಕ್ಟೋಬರ್ 18 ಅಂತ ಆಮೇಲೆ ತಾವೇ ಗೊತ್ತುಮಾಡಿಕೊಂಡರು. ಬಡತನದಲ್ಲಿ ಬೆಳೆದ ಹುಡುಗ. ಚಹಾ ಅಂಗಡಿಯಲ್ಲಿ ದುಡಿದ, ರೈಲು ಹಳಿಯ ಬದಿಗೆ ಬಿದ್ದ ಕಲ್ಲಿದ್ದಲು ಆಯ್ದ. ಪಟಿಯಾಲದಲ್ಲಿ ನಾಟಕದ ಹುಚ್ಚು ಹತ್ತಿತು. ಅಲ್ಲಿಂದ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋಗಿ ಅಲ್ಕಾಜಿಯವರ ಕೈಕೆಳಗೆ ಕಲಿತರು. ನಾಸಿರುದ್ದೀನ್ ಶಾ ಸಹಪಾಠಿ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಮುಗಿಸಿ 1976ರಲ್ಲಿ ಮರಾಠಿ ‘ಘಾಶಿರಾಂ ಕೋತವಾಲ್’ ಮೂಲಕ ತೆರೆಗೆ ಬಂದರು. ಕಾರಂತ, ಕಾರ್ನಾಡರು ಭೈರಪ್ಪನವರ ಕಾದಂಬರಿಯಿಂದ ತೆಗೆದ ‘ಗೋಧೂಳಿ’ಯಲ್ಲೂ ಇದ್ದರು.

ಪುರಿ ಎಂಬುದು ಪಂಜಾಬಿನ ಖತ್ರಿಗಳ ಮನೆತನದ ಹೆಸರು. ಈ ಮಾತು ಅವರನ್ನು ಚುಚ್ಚಲಿಕ್ಕೆ ಅಲ್ಲ. ಹಸಿವು ಅವರಿಗೆ ಗೊತ್ತಿತ್ತು, ಆದರೆ ಮುಟ್ಟಿಸಿಕೊಳ್ಳದೆ ಇರುವುದು ಹಸಿವಿಗಿಂತ ಬೇರೆಯೇ ಆದ ಸಂಗತಿ. ಹೊಸ ಅಲೆಯವರಿಗೆ ಈ ವ್ಯತ್ಯಾಸ ಕಾಣಲಿಲ್ಲ. ಅವರಿಗೆ ಕಂಡದ್ದು ಸಿಡುಬಿನ ಕಲೆಯ, ಒರಟು ಚರ್ಮದ ಮುಖ. ನಾಯಕನಾಗಲು ಲಾಯಕ್ಕಿಲ್ಲ ಎನಿಸಿದ್ದ ಮುಖ ಶೋಷಿತನ ಪಾತ್ರಕ್ಕೆ ತಾನಾಗಿ ಹೊಂದಿಕೊಂಡಿತು. ಅಂದ್ರೆ ಚೆಲುವು ಮೇಲ್ಜಾತಿಗೆ, ಕಲೆ ಕೆಳಜಾತಿಗೆ ಎಂಬ ಹಳೇ ಹಂಚಿಕೆ ಇಲ್ಲೂ ತಪ್ಪಲಿಲ್ಲ. ನಮ್ಮ ಕೇರಿಗಳಲ್ಲಿ ಚೆಲುವರೇ ಇಲ್ಲವೇನು?

ಗೋವಿಂದ ನಿಹಲಾನಿಯವರ ‘ಆಕ್ರೋಶ್’ (1980) ಬರೆದವರು ವಿಜಯ ತೆಂಡೂಲ್ಕರ್. ಲಹಾನ್ಯಾ ಭೀಕು ಆದಿವಾಸಿ. ಹೆಂಡತಿಯನ್ನು ಕೊಂದ ಎಂಬ ಆರೋಪ ಅವನ ಮೇಲೆ. ನಿಜಕ್ಕೂ ಅವಳನ್ನು ಕೆಡಿಸಿ ಕೊಂದವರು ಊರ ದೊಡ್ಡ ಮನುಷ್ಯರು. ವಕೀಲ ಎಷ್ಟು ಕೇಳಿದರೂ ಲಹಾನ್ಯಾ ಬಾಯಿ ಬಿಡಲ್ಲ. ಹಿಂದಿನ ನೆನಪುಗಳನ್ನು ಬಿಟ್ಟರೆ ಚಿತ್ರದುದ್ದಕ್ಕೂ ಓಂ ಪುರಿಗೆ ಮಾತಿಲ್ಲ. ಕಣ್ಣು, ದವಡೆ, ಬೇಡಿ ಬಿದ್ದ ಕೈ ಅಷ್ಟೇ. ಕೊನೆಗೆ ತಂದೆಯ ಚಿತೆಗೆ ಬೆಂಕಿ ಕೊಡಲು ಪೊಲೀಸರು ಕರೆತಂದಾಗ ಅವನ ಕಣ್ಣು ವಯಸ್ಸಿಗೆ ಬಂದ ತಂಗಿಯ ಮೇಲೆ ಬೀಳುತ್ತದೆ. ಅವಳಿಗೂ ಅದೇ ಗತಿ ಕಾದಿದೆ ಅಂತ ಅವನಿಗೆ ಗೊತ್ತು. ಕೊಡಲಿ ಕಸಿದು ಅವಳನ್ನೇ ಕಡಿದು ಹಾಕ್ತಾನೆ. ಆಮೇಲೆ ಆಕಾಶ ನೋಡಿ ಒಂದು ಕೂಗು.

ಮರುವರ್ಷ ಸತ್ಯಜಿತ್ ರಾಯ್ ಪ್ರೇಮಚಂದರ ಕತೆಯಿಂದ ದೂರದರ್ಶನಕ್ಕಾಗಿ ‘ಸದ್ಗತಿ’ ತೆಗೆದರು. ಒಂದು ತಾಸೂ ಇಲ್ಲದ ಚಿತ್ರ. ಚಮ್ಮಾರ ದುಖಿ ಮಗಳ ನಿಶ್ಚಯಕ್ಕೆ ಒಳ್ಳೆ ದಿನ ಕೇಳಲು ಬ್ರಾಹ್ಮಣನ ಮನೆಗೆ ಹೋಗ್ತಾನೆ. ಜ್ವರದಿಂದ ಎದ್ದ ಮೈ, ಖಾಲಿ ಹೊಟ್ಟೆ. ಪಂಡಿತ ಕಸ ಗುಡಿಸು ಅಂತಾನೆ, ಹೊಟ್ಟು ಹೊರು ಅಂತಾನೆ, ಕೊನೆಗೆ ಗಂಟುಗಂಟಾದ ಮರದ ದಿಮ್ಮಿ ಸೀಳು ಅಂತಾನೆ. ಕಡಿಯುತ್ತಾ ಕಡಿಯುತ್ತಾ ದುಖಿ ಅಲ್ಲೇ ಬಿದ್ದು ಸಾಯುತ್ತಾನೆ. ಈ ಹೊಡೆತಗಳನ್ನು ಓಂ ಪುರಿ ಆಡಿದ ರೀತಿ ಬಹಳ ದೊಡ್ಡದು. ಮೊದಲು ಕೆಲಸ ಬಲ್ಲವನ ಲೆಕ್ಕದ ಪೆಟ್ಟು, ನಡುವೆ ಸೋತ ತೋಳಿನ ಪೆಟ್ಟು, ಕೊನೆಗೆ ಹುಚ್ಚು ಹಿಡಿದಂಥ ಪೆಟ್ಟು. ಆ ಸಿಟ್ಟು ದಿಮ್ಮಿಯ ಮೇಲಿನದಲ್ಲ ಅಂತ ನೋಡುವವರಿಗೆ ಗೊತ್ತಾಗುತ್ತದೆ, ಆದರೂ ಕೊಡಲಿ ಇಳಿಯುವುದು ದಿಮ್ಮಿಯ ಮೇಲೇ.

ಈ ಚಿತ್ರದ ನಿಜವಾದ ದಲಿತ ಮಾತು ಬರುವುದು ದುಖಿ ಸತ್ತ ಮೇಲೆ. ಕೇರಿಯವರು ಹೆಣ ಎತ್ತಲ್ಲ ಅಂತಾರೆ. ಭಾಷಣವಿಲ್ಲ, ಘೋಷಣೆಯಿಲ್ಲ, ಬರೋದಿಲ್ಲ ಅಷ್ಟೇ. ಹೆಣ ದಾರಿಗೆ ಅಡ್ಡ ಬಿದ್ದಿದೆ, ಮೇಲ್ಜಾತಿಯವರು ಬಾವಿಗೆ ಹೋಗೋ ಹಾಗಿಲ್ಲ. ಕೊನೆಗೆ ಪಂಡಿತನೇ ಕೋಲಿನಿಂದ ಕಾಲೆತ್ತಿ, ಮುಟ್ಟದೆ ಹಗ್ಗದ ಉರುಳು ಸಿಕ್ಕಿಸಿ, ಊರಾಚೆಗೆ ಎಳೆದುಕೊಂಡು ಹೋಗಬೇಕಾಗುತ್ತದೆ. ಮೇಲ್ಜಾತಿಯ ಚಾಕರಿ ಬಿಟ್ಟರೆ ಏನಾಗುತ್ತದೆ ಎನ್ನುವುದನ್ನು ನಮ್ಮ ಚಳವಳಿ ಊರೂರಲ್ಲಿ ಕಂಡಿದೆ. ರಾಯ್ ಅದನ್ನು ಕೆಲವೇ ನಿಮಿಷಗಳಲ್ಲಿ ತೋರಿಸಿಬಿಟ್ಟರು. ಆದರೆ ಆ ನಿರಾಕರಣೆಯಲ್ಲಿ ನಟನಿಗೆ ಪಾಲಿಲ್ಲ, ಅವನು ಹೆಣವಾಗಿದ್ದಾನೆ.

‘ತಮಸ್’ ಬಂದದ್ದು 1988ರಲ್ಲಿ, ಭಾನುವಾರಗಳಂದು ಅದೇ ದೂರದರ್ಶನ ‘ರಾಮಾಯಣ’ ತೋರಿಸುತ್ತಿದ್ದ ದಿನಗಳಲ್ಲಿ. ಭೀಷ್ಮ ಸಾಹನಿಯವರ ಕಾದಂಬರಿ, ಮತ್ತೆ ನಿಹಲಾನಿ. ಪ್ರಸಾರ ನಿಲ್ಲಿಸಬೇಕು ಅಂತ ಸುಪ್ರೀಂ ಕೋರ್ಟಿನವರೆಗೂ ಹೋದರು, ಕೋರ್ಟು ಒಪ್ಪಲಿಲ್ಲ. ಚರ್ಮ ಹದ ಮಾಡುವ ನತ್ಥೂಗೆ ಐದು ರೂಪಾಯಿ ಕೊಟ್ಟು ಹಂದಿ ಕೊಲ್ಲಿಸುತ್ತಾರೆ. ಇಡೀ ರಾತ್ರಿ ಗುಡಿಸಲಲ್ಲಿ ಹಂದಿಯ ಜೊತೆ ಓಂ ಪುರಿ ಒದ್ದಾಡುವ ಆರಂಭವನ್ನು ನೋಡಿದವರು ಮರೆತಿರಲಿಕ್ಕಿಲ್ಲ. ಬೆಳಗಾದರೆ ಆ ಹಂದಿ ಮಸೀದಿ ಮೆಟ್ಟಿಲ ಮೇಲೆ. ದೇಶವಿಭಜನೆಯ ಗಲಭೆಯ ಪಾಪವೆಲ್ಲ ತನ್ನದೇ ಅಂತ ನತ್ಥೂ ಒಳಗೊಳಗೇ ಬೇಯುತ್ತಾನೆ. ಹಂದಿ ಕೊಲ್ಲಿಸಿದವನಿಗೆ ಯಾವ ಬೇಗೆಯೂ ಇಲ್ಲ.

ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ಲಹಾನ್ಯಾನ ಕೊಡಲಿ ತಂಗಿಯ ಮೇಲೆ, ದುಖಿಯದು ದಿಮ್ಮಿಯ ಮೇಲೆ, ನತ್ಥೂನ ಕತ್ತಿ ಹಂದಿಯ ಮೇಲೆ. ಆಯುಧ ಇದೆ, ತೋಳಲ್ಲಿ ಕಸುವಿದೆ, ಸಿಟ್ಟೂ ಇದೆ. ಪೆಟ್ಟು ಮಾತ್ರ ಮೇಲಕ್ಕೆ ಹೋಗುವುದಿಲ್ಲ. ಅದೇ ನಟ ‘ಅರ್ಧ ಸತ್ಯ’ದಲ್ಲಿ (1983) ಇನ್‌ಸ್ಪೆಕ್ಟರ್ ಅನಂತ ವೇಲಣಕರ್ ಆದಾಗ ರಾಮಾ ಶೆಟ್ಟಿಯ ಕತ್ತು ಹಿಸುಕುತ್ತಾನೆ. ‘ಮಿರ್ಚ್ ಮಸಾಲಾ’ದ ಮುದಿ ಕಾವಲುಗಾರ ಅಬು ಮಿಯಾ ಆದಾಗ ಸುಬೇದಾರನ ಸಿಪಾಯಿಗಳಿಗೆ ಎದುರು ನಿಂತು ಸಾಯುತ್ತಾನೆ. ಕೈ ಅದೇ, ಪಾತ್ರದ ಹೆಸರು ಬೇರೆ.

ಕನ್ನಡದವರು ಬೀಗಬೇಕಾಗಿಲ್ಲ. 1975ರ ‘ಚೋಮನ ದುಡಿ’ಯಲ್ಲಿ ವಾಸುದೇವ ರಾವ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು, ಬರಬೇಕಾದದ್ದೇ. ಅಲ್ಲೂ ಚೋಮನ ಸಿಟ್ಟೆಲ್ಲ ದುಡಿಯ ಚರ್ಮದ ಮೇಲೇ ಬಿತ್ತು.

ಇದು ವಾಸ್ತವ, ಆಗ ಹಾಗೇ ಇತ್ತಲ್ಲ ಅನ್ನುವವರು ಇದ್ದಾರೆ. ಯಾವಾಗ ಇತ್ತು? ದಲಿತ ಪ್ಯಾಂಥರ್ಸ್ ಮುಂಬಯಿಯಲ್ಲಿ ಹುಟ್ಟಿದ್ದು 1972ರಲ್ಲಿ. ಮರಾಠವಾಡಾ ವಿಶ್ವವಿದ್ಯಾಲಯಕ್ಕೆ ಅಂಬೇಡ್ಕರ್ ಹೆಸರಿಡುವ ಹೋರಾಟದಲ್ಲಿ 1978ರಲ್ಲಿ ದಲಿತರ ಮನೆಗಳು ಉರಿದವು. ಆದರೂ ಅವರು ಸುಮ್ಮನಾಗಲಿಲ್ಲ, 1994ರಲ್ಲಿ ಹೆಸರು ಇಡಿಸಿಯೇ ಬಿಟ್ಟರು. ನಮ್ಮಲ್ಲಿ 1973ರ ಬೂಸಾ ಗಲಾಟೆ ಆಗಿಹೋಗಿತ್ತು, 1975ಕ್ಕೆ ‘ಹೊಲೆಮಾದಿಗರ ಹಾಡು’ ಬಂದಿತ್ತು. ಬೀದಿಯಲ್ಲಿ ಇಷ್ಟು ಗದ್ದಲವಿರುವಾಗ ತೆರೆಯ ಮೇಲೆ ಮೌನವೇ ಯಾಕೆ ಕಲಾತ್ಮಕವೆನಿಸಿತು? ಮಾತಾಡದ ಶೋಷಿತನ ಪರವಾಗಿ ವಕೀಲ ಮಾತಾಡಬಹುದು, ನಿರ್ದೇಶಕ ಮಾತಾಡಬಹುದು, ನೋಡಿದವರು ಕಣ್ಣೊರೆಸಿಕೊಂಡು ಮನೆಗೆ ಹೋಗಬಹುದು. ಮಾತಾಡುವವನ ಮುಂದೆ ಅವರೆಲ್ಲ ಉತ್ತರ ಕೊಡಬೇಕಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ನಟನ ಲೆಕ್ಕ ಬೇರೆ ಇಡಬೇಕು. ಬರೆದವರು ಕೊಡದ ಮಾತನ್ನು ಓಂ ಪುರಿ ಉಸಿರಲ್ಲಿ, ಕುಕ್ಕರುಗಾಲಲ್ಲಿ ಕೂರುವುದರಲ್ಲಿ ಆಡಿದರು. ಪಂಡಿತನ ಮುಂದೆ ಬಾಗಿದ ದುಖಿಯ ಬೆನ್ನಲ್ಲಿ ಭಕ್ತಿಯಿಲ್ಲ, ರೂಢಿಯಿದೆ. ಈ ಸೂಕ್ಷ್ಮ ದಯೆಯಿಂದ ಬರುವಂಥದ್ದಲ್ಲ, ಮೈ ಸವೆಸಿ ದುಡಿದು ಬಲ್ಲವರಿಗೆ ಮಾತ್ರ ಬರುವಂಥದ್ದು.

ಮುಂದಿನ ಕತೆ ಎಲ್ಲರಿಗೂ ಗೊತ್ತಿರುವಂಥದ್ದು. ‘ಆರೋಹಣ್’ ಮತ್ತು ‘ಅರ್ಧ ಸತ್ಯ’ಕ್ಕೆ ರಾಷ್ಟ್ರಪ್ರಶಸ್ತಿ, 1990ರಲ್ಲಿ ಪದ್ಮಶ್ರೀ, 1999ರಲ್ಲಿ ಇಂಗ್ಲೆಂಡಿನ ‘ಈಸ್ಟ್ ಈಸ್ ಈಸ್ಟ್’, ಅದೇ ವರ್ಷ ಕನ್ನಡದಲ್ಲಿ ಶಿವರಾಜ್‌ಕುಮಾರ್ ಜೊತೆ ‘ಎ.ಕೆ. 47’. ಹೊಟ್ಟೆಪಾಡಿಗೆ ಮಾಡಿದ ಚಿತ್ರಗಳು ಬೇಕಾದಷ್ಟು. 2017ರ ಜನವರಿ 6ರಂದು ಮುಂಬಯಿಯಲ್ಲಿ ತೀರಿಕೊಂಡರು.

ಅದಕ್ಕೂ ಮೊದಲೇ, 2013ರಲ್ಲಿ, ನಾಗರಾಜ ಮಂಜುಳೆ ಮರಾಠಿಯಲ್ಲಿ ‘ಫಂಡ್ರಿ’ ಮಾಡಿದ್ದರು. ವಡ್ಡರ ಮನೆಯಿಂದ ಬಂದ ನಿರ್ದೇಶಕ. ನತ್ಥೂನ ಗುಡಿಸಲಿನ ಹಂದಿ ಇಲ್ಲಿ ಹಾಡುಹಗಲಲ್ಲಿ ಊರ ತುಂಬ ಓಡುತ್ತದೆ. ಶಾಲೆಯ ಗೆಳೆಯರ ಕಣ್ಣೆದುರು ಅದನ್ನು ಅಟ್ಟಿಸಿಕೊಂಡು ಹೋಗಬೇಕಾದ ಹುಡುಗ ಜಬ್ಯಾ. ಹಿಡಿದ ಹಂದಿಯನ್ನು ಕೋಲಿಗೆ ಕಟ್ಟಿ ಮನೆಯವರು ಹೊತ್ತು ನಡೆಯುವಾಗ ಹಿಂದೆ ಶಾಲೆಯ ಗೋಡೆಯ ಮೇಲೆ ಅಂಬೇಡ್ಕರ್, ಫುಲೆಯವರ ಚಿತ್ರಗಳಿವೆ. ಮೇಲ್ಜಾತಿಯ ಹುಡುಗರ ಗೇಲಿ ನಿಲ್ಲುವುದಿಲ್ಲ. ಜಬ್ಯಾ ಬಗ್ಗಿ ಒಂದು ಕಲ್ಲೆತ್ತಿ ಬೀಸುತ್ತಾನೆ. ಅದು ತಂಗಿಗೂ ಬೀಳಲ್ಲ, ಮರಕ್ಕೂ ಬೀಳಲ್ಲ. ನೇರ ಕ್ಯಾಮೆರಾ ಕಡೆಗೆ, ಕುರ್ಚಿಯಲ್ಲಿ ಕೂತು ನೋಡುತ್ತಿರುವವರ ಮುಖಕ್ಕೆ ಬರುತ್ತದೆ.