ಸಿರಿಂಜಿನ ಗುಳ್ಳೆ ಮತ್ತು ಬ್ರೇಕ್ ಪೆಡಲ್

ಅಭ್ಯಾಸ ಬೋಧನೆಯ ಎರಡನೆಯ ವಾರ 8ನೇ ತರಗತಿಗೆ ‘ದ್ರವಗಳಲ್ಲಿ ಒತ್ತಡ’ ಪಾಠ ಮಾಡಿದೆ. ಪಾಸ್ಕಲ್ ನಿಯಮ ತೋರಿಸಲು 5 ಮಿ.ಲೀ. ಮತ್ತು 20 ಮಿ.ಲೀ. ಸಿರಿಂಜುಗಳನ್ನು ಸಣ್ಣ ಕೊಳವೆಯಿಂದ ಜೋಡಿಸಿ ನೀರು ತುಂಬಿದ್ದೆ. ಚಿಕ್ಕದನ್ನು ಒತ್ತಿದೊಡನೆ ದೊಡ್ಡದರ ಮೇಲಿಟ್ಟ ಪುಸ್ತಕಗಳು ಏಳಬೇಕಿತ್ತು. ಅರ್ಧ ಒತ್ತುವವರೆಗೂ ಅವು ಅಲುಗಲಿಲ್ಲ. ಮುಂದಿನ ಬೆಂಚಿನ ಹುಡುಗಿಯೊಬ್ಬಳು, “ಮಿಸ್, ಒಳಗೆ ಗುಳ್ಳೆ ಇದೆ” ಎಂದಳು. “ಅದನ್ನ ಬಿಡಮ್ಮ, ನಿಯಮ ಬರೆದುಕೋ” ಎಂದುಬಿಟ್ಟೆ. ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ‘ಉಪಕರಣವನ್ನು ಮೊದಲೇ ಪರೀಕ್ಷಿಸಿ’ ಎಂದು ಬರೆದರು. ನಾನು ಕಳೆದುಕೊಂಡದ್ದು ಅದಕ್ಕಿಂತ ಹೆಚ್ಚು ಎಂಬುದು ಭಾನುವಾರ ಮನೆಯಲ್ಲಿ ತಿಳಿಯಿತು.

ಸೋದರಮಾವ ತಮ್ಮ ಹಳೆಯ ಕಾರಿನ ಬ್ರೇಕ್ ಹೋಸ್ ಬದಲಿಸಿದ್ದರು. ಪೆಡಲ್ ತುಳಿದರೆ ಸ್ಪಂಜು ತುಳಿದ ಹಾಗಿತ್ತು. ಏರ್ ತೆಗೆಯಬೇಕು, ಅಂದರೆ ಬ್ಲೀಡಿಂಗ್ ಮಾಡಬೇಕು ಎಂದು ನನ್ನನ್ನು ಪೆಡಲ್ ಬಳಿ ಕೂರಿಸಿದರು. ಸಮತಟ್ಟಾದ ನೆಲ, ಚಕ್ರಗಳಿಗೆ ಅಡ್ಡಗಲ್ಲು, ಜಾಕ್‌ನ ಜೊತೆಗೆ ಕಾರಿಗೆ ಗಟ್ಟಿ ಸ್ಟ್ಯಾಂಡ್. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಹಿಂದಿನ ಎಡಚಕ್ರದಿಂದ ಶುರು. (ಕೆಲವು ಕಾರುಗಳಿಗೆ ಕ್ರಮ ಬೇರೆ, ಕೈಪಿಡಿ ನೋಡಬೇಕು.) ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ಬ್ರೇಕ್ ಆಯಿಲ್ ಇದ್ದ ಬಾಟಲಿಯಲ್ಲಿ ಮುಳುಗಿಸಿದರು.

“ಒತ್ತು. ಹಿಡ್ಕೊ.”

“ಹಿಡ್ದಿದೀನಿ ಮಾವ.”

ಅವರು ನಿಪ್ಪಲ್ ಸಡಿಲಿಸಿದಾಗ ಪೆಡಲ್ ಕೆಳಗಿಳಿಯಿತು, ಪೈಪಿನಲ್ಲಿ ಗುಳ್ಳೆಗಳು ಹೊರಟವು. ನಿಪ್ಪಲ್ ಬಿಗಿ ಮಾಡಿದ ಮೇಲೆಯೇ “ಬಿಡು” ಎನ್ನುತ್ತಿದ್ದರು. ಒಮ್ಮೆ ನಾನು ಮೊದಲೇ ಕಾಲು ತೆಗೆದೆ. ತೆರೆದ ನಿಪ್ಪಲಿನ ಎಳೆಗಳ ಸಂದಿಯಿಂದ ಗಾಳಿ ಮತ್ತೆ ಒಳಸೇರಿತು. “ನಾ ಹೇಳೋಕ್ ಮುಂಚೆ ಬಿಟ್ಯಲ್ಲ! ಮತ್ತೆ ಮೊದಲಿಂದ.” ಗುಳ್ಳೆ ನಿಲ್ಲುವವರೆಗೆ ಇದೇ ಕೆಲಸ. ನಡುವೆ ಮೇಲಿನ ಡಬ್ಬಿ ಖಾಲಿಯಾಗದಂತೆ ಹೊಸ ಆಯಿಲ್ ಸುರಿಯುತ್ತಿರಬೇಕು. ಹೊರಬಂದದ್ದನ್ನು ಮತ್ತೆ ಬಳಸಬಾರದು. ಪೇಂಟ್ ಮೇಲೆ ಬಿದ್ದರೆ ಕೂಡಲೇ ತೊಳೆಯಬೇಕು.

ಇಷ್ಟು ಸಣ್ಣ ಗುಳ್ಳೆಗೆ ಅಷ್ಟು ತೊಂದರೆ ಏಕೆ? ಪೆಡಲಿನ ಕಡೆಯ ಪಿಸ್ಟನ್ 3 ಚ.ಸೆಂ.ಮೀ., ಚಕ್ರದ ಕಡೆಯದು 15 ಚ.ಸೆಂ.ಮೀ. ಎಂದುಕೊಳ್ಳಿ. ಬಲ ಐದು ಪಟ್ಟಾಗುತ್ತದೆ, ಚಲನೆ ಮಾತ್ರ ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ಬ್ರೇಕ್ ಪ್ಯಾಡ್ ಸರಿಯುವುದೇ ಕೂದಲೆಳೆಯಷ್ಟು, ಅದಕ್ಕೆ ಬೇಕಾದ ದ್ರವವೂ ಅಷ್ಟೇ ಕಡಿಮೆ. ಗಾಳಿ ಕುಗ್ಗುವ ವಸ್ತು. ಪೆಡಲ್ ತಳ್ಳಿದ ದ್ರವವೆಲ್ಲ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಮುಗಿದರೆ ಪ್ಯಾಡನ್ನು ಒತ್ತಲು ಏನೂ ಉಳಿಯದು.

ಬ್ರೇಕ್ ಆಯಿಲ್ ಗಾಳಿಯ ತೇವವನ್ನೂ ಹೀರುತ್ತದೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಸೇರಿದ ಆಯಿಲಿಗೆ ಮಾನದಂಡ ಕೇಳುವುದು 155 ಡಿಗ್ರಿ ಮಾತ್ರ. ಕುದಿದರೆ ಆವಿಯೇ ಗುಳ್ಳೆಯಾಗುತ್ತದೆ. ಸ್ಪೋರ್ಟ್ಸ್ ಕಾರನ್ನು ರೇಸ್ ಟ್ರ್ಯಾಕಿಗೆ ಇಳಿಸುವವರು ಮತ್ತೆ ಮತ್ತೆ ಆಯಿಲ್ ಬದಲಿಸಿ ಬ್ಲೀಡಿಂಗ್ ಮಾಡುವುದು ಇದಕ್ಕೇ. ಆಗುಂಬೆ ಘಾಟಿಯನ್ನು ಬ್ರೇಕ್ ಮೇಲೆಯೇ ಇಳಿಯುವವರಿಗೂ ಇದೇ ಅಪಾಯ.

ಮುಂದಿನ ವಾರ ಅದೇ ತರಗತಿಗೆ ಹೋದೆ. ಗುಳ್ಳೆ ಕಂಡ ಹುಡುಗಿಯನ್ನೇ ಕರೆದು, ಅವಳು ಹೇಳಿದ್ದು ಸರಿ, ಕೇಳದೆ ಹೋದದ್ದು ನನ್ನ ತಪ್ಪು ಎಂದೆ. ಮೊದಲು ಒಂದೇ ಸಿರಿಂಜಿನ ಬಾಯನ್ನು ಬೆರಳಿನಿಂದ ಮುಚ್ಚಿಸಿ ಒತ್ತಿಸಿದೆ. ಗಾಳಿ ತುಂಬಿದಾಗ ಕುಗ್ಗಿತು, ನೀರು ತುಂಬಿದಾಗ ಕುಗ್ಗಲಿಲ್ಲ. ಆಮೇಲೆ ಬೇಕೆಂದೇ ಗುಳ್ಳೆ ಬಿಟ್ಟ ಜೋಡಿ ಸಿರಿಂಜನ್ನು ಕೊಟ್ಟು ಏನಾಗಬಹುದೆಂದು ಕೇಳಿದೆ. ಕೊನೆಗೆ ಅವಳೇ ಬಾಯಿ ಮೇಲಾಗಿ ಹಿಡಿದು, ತಟ್ಟಿ, ಗಾಳಿ ಹೊರದೂಡಿದಳು. ಈ ಸಲ ಒತ್ತಿದೊಡನೆ ಪುಸ್ತಕಗಳು ಎದ್ದವು. ನಿಯಮವನ್ನು ಮಕ್ಕಳೇ ಹೇಳಿದರು.

ಈ ಪಾಠ ಮಾಡುವ ಸಹಪಾಠಿಗಳು ಉಪಕರಣವನ್ನು ಖಂಡಿತ ಮೊದಲೇ ಪರೀಕ್ಷಿಸಿರಿ. ಆದರೆ ಗುಳ್ಳೆ ಇಲ್ಲದ ಒಂದು ಜೋಡಿಯ ಜೊತೆಗೆ ಗುಳ್ಳೆ ಇರುವ ಇನ್ನೊಂದು ಜೋಡಿಯನ್ನೂ ತರಗತಿಗೆ ಒಯ್ಯಿರಿ.