ಮೊದಲ ಸೆಕೆಂಡಿನ ಗಾಳಿ

ಮೂಗಿಗೆ ಕ್ಲಿಪ್ಪು, ಬಾಯಲ್ಲಿ ಕೊಳವೆ. "ಊದಿ, ಜೋರಾಗಿ ಊದಿ, ಇನ್ನೂ ಇನ್ನೂ, ನಿಲ್ಲಿಸಬೇಡಿ" ಎಂದು ಪಕ್ಕದಲ್ಲಿ ನಿಂತ ಟೆಕ್ನಿಷಿಯನ್ ಕೂಗುತ್ತಲೇ ಇರುತ್ತಾರೆ. ಸ್ಪೈರೋಮೆಟ್ರಿ ನಡೆಯುವುದೇ ಹೀಗೆ. ಆಮೇಲೆ ಕೈಗೆ ಬರುವ ಹಾಳೆಯಲ್ಲಿ ಎಫ್‌ಇವಿ-1, ಎಫ್‌ವಿಸಿ ಎಂದು ಬರೆದು ಮುಂದೆ ಅಂಕಿ ಹಾಕಿರುತ್ತಾರೆ. ಮೊದಲ ಸೆಕೆಂಡಿನಲ್ಲಿ ಹೊರಬಿದ್ದ ಗಾಳಿ ಎಫ್‌ಇವಿ-1. ಕೊನೆಯವರೆಗೂ ಊದಿ ಖಾಲಿ ಮಾಡಿದ್ದು ಎಫ್‌ವಿಸಿ. ಆರೋಗ್ಯವಂತ ದೊಡ್ಡವರಲ್ಲೂ ಇದೆಲ್ಲ ಕೆಲವೇ ಲೀಟರಿನ ಲೆಕ್ಕ. ಆದರೆ ಆ ಗಾಳಿ ಹೊರಟು ಬಂದ ಜಾಗದ ಅಳತೆ ಬೇರೆಯೇ.

ಗಂಟಲಿನಿಂದ ಇಳಿಯುವ ಶ್ವಾಸನಾಳ ಎರಡಾಗಿ ಕವಲೊಡೆಯುತ್ತದೆ. ಆ ಎರಡೂ ಮತ್ತೆ ಎರಡೆರಡಾಗುತ್ತವೆ. ಹೀಗೆ ಸುಮಾರು 23 ಸಲ. ಎರಡನ್ನು 23 ಸಲ ಗುಣಿಸುತ್ತ ಹೋದರೆ 83 ಲಕ್ಷ ದಾಟುತ್ತದೆ. ಕವಲುಗಳ ತುದಿಯಲ್ಲಿ ಗೊಂಚಲು ಗೊಂಚಲಾಗಿ ಇರುವುದು ಆಲ್ವಿಯೋಲೈ, ಅಂದರೆ ಗಾಳಿಗೂಡುಗಳು. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರು ಜನರ ಶ್ವಾಸಕೋಶಗಳ ಗೂಡುಗಳನ್ನು ಲೆಕ್ಕಹಾಕಿದಾಗ ಸರಾಸರಿ 48 ಕೋಟಿ ಬಂತು. ದೊಡ್ಡ ಶ್ವಾಸಕೋಶದಲ್ಲಿ ಗೂಡುಗಳು ದೊಡ್ಡವಾಗಿರಲಿಲ್ಲ, ಹೆಚ್ಚಾಗಿದ್ದವು. ಒಂದೊಂದರ ಅಡ್ಡಗಲ 0.2 ಮಿಲಿಮೀಟರ್. ಅಷ್ಟನ್ನೂ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್: ಸಿಂಗಲ್ಸ್ ಆಡುವ ಇಡೀ ಬ್ಯಾಡ್ಮಿಂಟನ್ ಅಂಕಣ ನಮ್ಮ ಎದೆಗೂಡಿನೊಳಗೆ ಮಡಚಿಕೊಂಡು ಕೂತಿದೆ!

ನನ್ನನ್ನು ಇದಕ್ಕಿಂತಲೂ ಬೆರಗುಗೊಳಿಸುವುದು ಅದರ ತೆಳುತನ. ಗಾಳಿಗೂ ರಕ್ತಕ್ಕೂ ನಡುವಿನ ಪರದೆ ಒಂದು ಮೈಕ್ರಾನ್‌ಗಿಂತ ಕಡಿಮೆ. ಇಂಥ ಸಾವಿರ ಪದರ ಒಂದರ ಮೇಲೊಂದು ಇಟ್ಟರೂ ಒಂದು ಮಿಲಿಮೀಟರ್ ದಪ್ಪವಾಗದು. ಸುಮ್ಮನೆ ಕೂತಿದ್ದಾಗ ಅದರಾಚೆಯ ಲೋಮನಾಳಗಳಲ್ಲಿ ಯಾವುದೇ ಕ್ಷಣಕ್ಕೆ ಇರುವ ರಕ್ತ ಹೆಚ್ಚೆಂದರೆ ಸುಮಾರು ನೂರು ಮಿಲಿಲೀಟರ್. ಆಗ ಒಂದು ಕೆಂಪು ರಕ್ತಕಣ ಅಲ್ಲಿ ಸುಮಾರು ಮುಕ್ಕಾಲು ಸೆಕೆಂಡು ಮಾತ್ರ ಇರುತ್ತದೆ. ಅದಕ್ಕೆ ಆಮ್ಲಜನಕ ತುಂಬಲು ಕಾಲು ಸೆಕೆಂಡು ಸಾಕು. ಮಿಕ್ಕ ಅರ್ಧ ಸೆಕೆಂಡೇ ನಮ್ಮ ಉಳಿತಾಯ. ಫೈಬ್ರೋಸಿಸ್ ಎಂಬ ಕಾಯಿಲೆಯಲ್ಲಿ ಪರದೆ ದಪ್ಪವಾದಾಗ ಮೊದಲು ಕರಗುವುದು ಈ ಉಳಿತಾಯ. ಕೂತಾಗ ಬೆರಳಿನ ಆಕ್ಸಿಮೀಟರ್ 96 ತೋರಿಸುತ್ತದೆ. ಎದ್ದು ನಡೆದರೆ ರಕ್ತದ ಓಟ ಹೆಚ್ಚಿ ಸಮಯ ಸಾಲದೆ ಅಂಕಿ ಇಳಿಯುತ್ತದೆ. ಆರು ನಿಮಿಷ ನಡೆಸಿ ನೋಡುವ ಪರೀಕ್ಷೆಯಲ್ಲಿ ಇದು ಗೊತ್ತಾಗುತ್ತದೆ.

ಇಷ್ಟು ಪುಟ್ಟ, ಒದ್ದೆಯಾದ ಗೂಡುಗಳು ಮುಚ್ಚಿಕೊಳ್ಳದಂತೆ ತಡೆಯುವುದು ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನ ಲೇಪ. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳಲ್ಲಿ ಅದು ಸಾಲದು ಎಂಬುದನ್ನು 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ ತೋರಿಸಿಕೊಟ್ಟರು. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮುಂಚೆ ಹುಟ್ಟಿ, ಇದೇ ಕೊರತೆಯಿಂದ 39 ಗಂಟೆಗಳಲ್ಲಿ ತೀರಿಕೊಂಡ. ಕಾರಣ ಗೊತ್ತಿತ್ತು, ಮದ್ದು ಇರಲಿಲ್ಲ. 1980ರಲ್ಲಿ ಜಪಾನಿನ ಫುಜಿವಾರಾ ಹಸುವಿನ ಶ್ವಾಸಕೋಶದಿಂದ ತೆಗೆದ ಸರ್ಫ್ಯಾಕ್ಟಂಟನ್ನು ಹತ್ತು ಶಿಶುಗಳಿಗೆ ಕೊಟ್ಟ ಫಲಿತಾಂಶ ಪ್ರಕಟಿಸಿದರು. ಇವತ್ತು ನವಜಾತ ಶಿಶುಗಳ ಐಸಿಯುಗಳಲ್ಲಿ ಅದು ಬಳಕೆಯ ಔಷಧ.

ಆದರೆ ದೊಡ್ಡವರ ಗೂಡುಗಳ ಗೋಡೆ ಎಂಫಿಸೀಮ ಎಂಬ ಕಾಯಿಲೆಯಲ್ಲಿ ಒಡೆದರೆ ಅದನ್ನು ಮತ್ತೆ ಕಟ್ಟಿಕೊಡುವ ಔಷಧ ಇನ್ನೂ ಬಂದಿಲ್ಲ. ಗೂಡುಗಳ ಉಳಿತಾಯವೂ ದೊಡ್ಡದಾದ್ದರಿಂದ ನಷ್ಟ ವರ್ಷಗಟ್ಟಲೆ ತಿಳಿಯುವುದೂ ಇಲ್ಲ. ಬೀಡಿ ಸಿಗರೇಟು ಸೇದಿದವರು, ಸೌದೆ ಒಲೆಯ ಹೊಗೆಯಲ್ಲಿ ಅಡುಗೆ ಮಾಡಿದವರು ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ವಯಸ್ಸಾಯಿತು ಎಂದುಕೊಂಡು ಸುಮ್ಮನಾಗಬೇಡಿ. ಒಮ್ಮೆ ಸ್ಪೈರೋಮೆಟ್ರಿ ಮಾಡಿಸಿ. ಎಫ್‌ಇವಿ-1 ಅನ್ನು ಎಫ್‌ವಿಸಿಯಿಂದ ಭಾಗಿಸಿದ ಅಂಕಿ, ಇನ್‌ಹೇಲರ್ ಕೊಟ್ಟ ಮೇಲೂ 0.7ಕ್ಕಿಂತ ಕಡಿಮೆ ಇದೆಯೇ ಎಂದು ವೈದ್ಯರನ್ನು ಕೇಳಿ.