ಮಿರ್ಜಾನದ ಸುತ್ತ ದ್ವೀಪವಾಸ ಸಾಧ್ಯವೇ?

ಪ್ರಶ್ನೆ: ಮಿರ್ಜಾನ ಕಡೆ ದ್ವೀಪದಲ್ಲಿ, ಗದ್ದಲವಿಲ್ಲದ ಸಣ್ಣ ರೆಸಾರ್ಟಿನಲ್ಲಿ ಕಡಿಮೆ ಖರ್ಚಿನಲ್ಲಿ ಕುಟುಂಬದೊಡನೆ ತಂಗಬಹುದೇ?

ಉತ್ತರ: ಮಿರ್ಜಾನದ ಆಸುಪಾಸಿನಲ್ಲಿ ಕಡಲಿನ ನಡುವಿನ ದ್ವೀಪದಲ್ಲಿ ತಂಗಲು ಆಗದು. ಭಟ್ಕಳ ಬಳಿಯ ನೇತ್ರಾಣಿ ದ್ವೀಪಕ್ಕೆ ಮುರ್ಡೇಶ್ವರದಿಂದ ಸ್ಕೂಬಾ ದೋಣಿಗಳು ಹೋಗುತ್ತವೆ, ಆದರೆ ಅಲ್ಲಿ ವಸತಿಯಿಲ್ಲ. ಹೊನ್ನಾವರದ ಬಸವರಾಜದುರ್ಗ ದ್ವೀಪದಲ್ಲಿಯೂ ಇಲ್ಲ.

ನೀವು ಬಯಸುವ ಏಕಾಂತ ಇರುವುದು ಅಘನಾಶಿನಿ ಅಳಿವೆಯಲ್ಲಿ. ರಾಣಿ ಚೆನ್ನಭೈರಾದೇವಿಯ ಹೆಸರಿನೊಡನೆ ಬೆಸೆದ ಮಿರ್ಜಾನ ಕೋಟೆಯಿಂದ ಪಶ್ಚಿಮಕ್ಕೆ ನದಿ ಅಗಲವಾಗುತ್ತದೆ. ಅಲ್ಲಿ ಐಗಳಕುರ್ವೆಯಂಥ ಕುರ್ವೆಗಳು (ನದಿಯ ನಡುಗಡ್ಡೆಗಳು), ಕಾಂಡ್ಲಾ ಕಾಡು, ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತದ ಗಜನಿ ಗದ್ದೆಗಳಿವೆ. ಈ ಅಳಿವೆ 2024ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವಾಯಿತು.

ತಂಗಲು ಗೋಕರ್ಣಕ್ಕಿಂತ ಕುಮಟಾ ಕಡೆಯ ದಂಡೆಯನ್ನೇ ನೋಡಿ: ಅಘನಾಶಿನಿ, ಬಾಡ, ಧಾರೇಶ್ವರ. ಮನೆಯವರೇ ನಡೆಸುವ ಹೋಂಸ್ಟೇಗಳಲ್ಲಿ ಮೀನೂಟ ಸಿಗುತ್ತದೆ, ಗಲಾಟೆ ಕಡಿಮೆ. ಅಘನಾಶಿನಿ ಊರಿನಿಂದ ಎದುರು ದಂಡೆಯ ತದಡಿಗೆ ಬಾರ್ಜಿನಲ್ಲಿ ದಾಟಿದರೆ ಗೋಕರ್ಣವೂ ಹತ್ತಿರ. ಕೊಂಕಣ ರೈಲಿನಲ್ಲಿ ಕುಮಟಾಕ್ಕೆ ಬಂದರೆ ಪ್ರಯಾಣದ ಖರ್ಚೂ ಉಳಿಯುತ್ತದೆ.

ಮುಂಗಡ ಕೊಡುವ ಮೊದಲು ಮೂರು ವಿಷಯ ಕೇಳಿ: ಬಾಡಿಗೆಯಲ್ಲಿ ಊಟ ಸೇರಿದೆಯೇ, ದಂಡೆಗೆ ನಡೆದು ಹೋಗಬಹುದೇ, ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯೇ. ವಾರಾಂತ್ಯ ಮತ್ತು ಶಿವರಾತ್ರಿ ಬಿಟ್ಟು, ನವೆಂಬರಿನಿಂದ ಫೆಬ್ರುವರಿಯೊಳಗೆ ವಾರದ ನಡುವೆ ಬನ್ನಿ. ಮಳೆಗಾಲದ ಕಡಲು ಅಪಾಯಕಾರಿ. ಅಳಿವೆಯ ಬಾಯಲ್ಲಿ ಸೆಳೆತ ಬಲು ಜೋರು, ಮಕ್ಕಳನ್ನು ಅಲ್ಲಿ ನೀರಿಗಿಳಿಸಬೇಡಿ.